ಹಲಗೆಯ ಇನ್ನೊಂದು ತುದಿ

ಪ್ರೀತಿಯ ದೊರೆ,

‘ಗೋದಾಮಲ್ಲಿ ಅಷ್ಟು ಹೊತ್ತು ಏನ್ ಮಾಡ್ತೀಯ?’ ಎಂದು ನೀನು ಫೋನಿನಲ್ಲಿ ಕೇಳಿದಾಗ ‘ಮರದ ಕೆಲಸ’ ಎಂದಷ್ಟೇ ಹೇಳಿ ಮಾತು ಬದಲಿಸಿದ್ದೆ. ಈಗ ಪೂರ್ತಿ ಬರೆಯುತ್ತೇನೆ, ಅದೂ ಎಲ್ಲರಿಗೂ ಕಾಣುವ ಜಾಗದಲ್ಲಿ. ನಿನಗೊಬ್ಬನಿಗೇ ಕಳಿಸಿದರೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನ ಓದಿದ ಮೇಲೆ ಉತ್ತರ ಕೊಡದೆ ಇರಲು ನಿನಗೆ ಸಂಕೋಚವಾಗುತ್ತದೆ, ಅದು ನನಗೆ ಗೊತ್ತು. ಮರಗೆಲಸ ಶುರು ಮಾಡಬೇಕು ಎಂದುಕೊಂಡಿರುವವರು ಇಲ್ಲಿ ಇನ್ನೂ ಕೆಲವರು ಇರಬಹುದು. ಅವರಿಗೂ ಉಪಯೋಗಕ್ಕೆ ಬರಲಿ.

ನಾನೊಂದು ವರ್ಕ್‌ಬೆಂಚ್ ಮಾಡಿದೆ ಮಾರಾಯ. ಬಡಗಿ ಕೆಲಸದ ಬೆಂಚು. ಆರೂವರೆ ಅಡಿ ಉದ್ದ, ಎರಡಡಿ ಅಗಲ, ಮೇಲಿನ ಹಾಸು ಮೂರೂವರೆ ಅಂಗುಲ ದಪ್ಪ, ಕಾಲುಗಳು 4 ಅಂಗುಲ ಚೌಕ. ಎತ್ತರ 33 ಅಂಗುಲ, ಅಂದರೆ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ನನ್ನ ಮಣಿಕಟ್ಟು ಬರುವ ಮಟ್ಟ. ಇನ್ನೂ ಎತ್ತರವಾದರೆ ತೋಪಡದ (ಮರ ಹೆರೆದು ನಯ ಮಾಡುವ ಸಾಧನ) ಮೇಲೆ ಮೈಭಾರ ಬೀಳುವುದಿಲ್ಲ, ತೋಳೊಂದೇ ದುಡಿಯಬೇಕು. ತಗ್ಗಾದರೆ ಸೊಂಟ ಹಿಡಿಯುತ್ತದೆ. ನಿನಗೆ ಮಾಡುವುದಾದರೆ ಎರಡು ಅಂಗುಲ ಏರಿಸಬೇಕಾಗುತ್ತದೆ.

ಮೊದಲ ಕೆಲಸಕ್ಕೇ ಇಷ್ಟು ದೊಡ್ಡದು ಯಾಕೆ ಎಂದು ಕೇಳುತ್ತೀಯ. ಮಣೆ, ಸ್ಟೂಲು, ಪುಸ್ತಕದ ಗೂಡು ಯಾವುದಾದರೂ ಮಾಡಬಹುದಿತ್ತು. ಆದರೆ ಒಂದು ಹಲಗೆಗೆ ತೋಪಡ ಹಾಕಬೇಕಾದರೆ ಅದು ಅಲುಗದೆ ಕೂರಬೇಕು. ಗರಗಸ ಆಡುವಾಗ ಬಾಗಬಾರದು, ಉಳಿಗೆ ಕೊಡತಿ, ಅಂದರೆ ಮರದ ಸುತ್ತಿಗೆ, ಬಿದ್ದಾಗ ಕುಣಿಯಬಾರದು. ಊಟದ ಮೇಜಿನ ಮೇಲೆ ಇಟ್ಟು ತಳ್ಳಿದರೆ ಮೇಜೇ ಮುಂದೆ ಹೋಗುತ್ತದೆ. ಬಡಗಿಯ ಪೆಟ್ಟಿಗೆಯಲ್ಲಿ ಇರುವುದರಲ್ಲಿ ಹೆಚ್ಚಿನವು ಮರವನ್ನು ಕತ್ತರಿಸುವಂಥವು, ಬೆಂಚಿಗೆ ಅದನ್ನು ಹಿಡಿದುಕೊಳ್ಳುವುದೇ ಕೆಲಸ. ಹಿಡಿತ ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಉಳಿ ಇದ್ದರೂ ಗೀಟಿನ ಮೇಲೆ ನಿಲ್ಲುವುದಿಲ್ಲ. ಅಳೆಯುವುದು, ಕೊಯ್ಯುವುದು, ತೂತು ತೋಡುವುದು, ಅಂಟಿಸುವುದು, ಮಟ್ಟ ಮಾಡುವುದು ಎಲ್ಲವೂ ಈ ಒಂದೇ ಕೆಲಸದಲ್ಲಿ ಬಂದುಹೋಗುತ್ತದೆ. ಹಜಾರದಲ್ಲಿಟ್ಟು ಯಾರಿಗೂ ತೋರಿಸಬೇಕಾಗಿಲ್ಲ. ಗಟ್ಟಿ ಇರಬೇಕು, ಭಾರ ಇರಬೇಕು, ಮೇಲ್ಮೈ ಮಟ್ಟ ಇರಬೇಕು, ಅಷ್ಟೇ. ಕಲಿಯುವವರಿಗೆ ಇದನ್ನೇ ಮೊದಲು ಮಾಡಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮರ ನಮ್ಮ ತೋಟದ್ದೇ, ಸಿಲ್ವರ್ ಓಕ್. ನಮ್ಮ ಕಡೆ ಬರೀ ಸಿಲ್ವರ್ ಎನ್ನುತ್ತೇವೆ. ಹೊಳೆ ಕಡೆಯ ಪಟ್ಟಿಯಲ್ಲಿ, ಮೋಟರ್ ಮನೆಯ ಹಿಂದೆ ಅಪ್ಪ ನೆಟ್ಟ ಸಾಲು ನಿನಗೆ ನೆನಪಿರಲೇಬೇಕು. ಟಾರ್ಚಿನ ಪ್ರಕರಣ ನಡೆದದ್ದು ಅಲ್ಲೇ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಸಾಲಿನ ಒಂದು ಮರ ಮೆಣಸಿನ ಬಳ್ಳಿ ಸಮೇತ ಗಾಳಿಗೆ ಬಿತ್ತು. ವ್ಯಾಪಾರಿಗೆ ಕೊಟ್ಟುಬಿಡೋಣ ಎಂದು ನಾನು ಹೇಳಿದೆ. ಬಳ್ಳಿ ಹೋದದ್ದಕ್ಕೆ ಬೇಸರ ಮಾಡಿಕೊಂಡು ಕೂತಿದ್ದ ಅಪ್ಪ, ‘ಇರ್ಲಿ, ಕುಯ್ಸಿ ಇಡು, ಏನಕ್ಕಾದ್ರೂ ಬರುತ್ತೆ’ ಎಂದರು.

ತೋಟದ ಊರಿನವರಲ್ಲದವರಿಗೆ ಎರಡು ಮಾತು. ಈ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಪೂರ್ವ ಭಾಗದ ಮರ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಕಡೆಯದು. ಕಾಫಿ, ಚಹಾ ತೋಟಗಳ ನೆರಳಿಗೆಂದು ನಮ್ಮ ಕಡೆಗೆ ಬಂತು. ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಲು ಒಳ್ಳೆಯ ಆಸರೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೀಟೆ, ತೇಗ, ಹೊನ್ನೆ, ಮತ್ತಿ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ವಿನಾಯಿತಿಯ ಪಟ್ಟಿಯಲ್ಲಿದೆ. ಕಾಡುಮರ ಉಳಿಯಲಿ ಎಂದು ಬಂದ ಕಾಯ್ದೆ ಅದು, ಬೇಕಾದ ಕಾಯ್ದೆಯೇ. ಆದರೆ ಹೊಸದಾಗಿ ಗಿಡ ನೆಡುವ ತೋಟದವನು ನಾಳೆ ಕಷ್ಟಕ್ಕೆ ಕಡಿಯಬಹುದಾದ ಮರವನ್ನೇ ನೆಡುತ್ತಾನೆ. ಹಾಗಾಗಿ ಗುಡ್ಡದ ಮೇಲೆ ಗುಡ್ಡ ಸಿಲ್ವರೇ ಆಗುತ್ತಿದೆ. ನಮ್ಮ ಮೇಲಿನ ಪಟ್ಟಿಯಲ್ಲಿ ಅಜ್ಜನ ಕಾಲದ ನಂದಿ, ಮತ್ತಿ, ಅತ್ತಿ ಇನ್ನೂ ನಿಂತಿವೆ. ಮರಗಸಿಗೆ, ಅಂದರೆ ನೆರಳು ಹದ ಮಾಡಲು ಕೊಂಬೆ ಸವರುವುದಕ್ಕೆ, ಬಿಟ್ಟರೆ ಅವುಗಳ ಮೇಲೆ ಕತ್ತಿ ಆಡಿಸಲು ಅಪ್ಪ ಬಿಡುತ್ತಿರಲಿಲ್ಲ, ನಾನೂ ಬಿಡುವುದಿಲ್ಲ.

ದಿಮ್ಮಿಯನ್ನು ಕುಶಾಲನಗರದ ಸಾಮಿಲ್ಲಿಗೆ ಹಾಕಿ ಎರಡು ಅಂಗುಲದ ಹಲಗೆ ಮಾಡಿಸಿದೆ. ಹಲಗೆಗಳ ಎರಡೂ ತುದಿಗೆ ಪೇಂಟ್ ಬಳಿದೆ, ಇಲ್ಲದಿದ್ದರೆ ತುದಿಯಿಂದ ನೀರು ಬೇಗ ಆರಿ ಸೀಳು ಬಿಡುತ್ತದೆ. ಸಿಲ್ವರಿಗೆ ಹುಳ ಬೇಗ ಬೀಳುವುದರಿಂದ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಕಲಸಿ ಬಳಿದದ್ದೂ ಆಯಿತು. ಆಮೇಲೆ ಗೋದಾಮಿನ ಹಿಂದಿನ ಗೋಡೆಗೆ ಸಾಲಾಗಿ, ಒಂದೊಂದರ ನಡುವೆ ರೀಪಿನ ತುಂಡು ಕೊಟ್ಟು, ಮೇಲೆ ಕಲ್ಲು ಹೇರಿ ಬಿಟ್ಟೆ. ಅಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ನೆರಳಲ್ಲಿ ಮರ ಒಣಗಿಸುವವರ ಹಳೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮೂರಲ್ಲಿ ಆ ಲೆಕ್ಕ ಇನ್ನೂ ಹಿಗ್ಗುತ್ತದೆ. ಕಾಫಿಯ ತೇವ ನೂರಕ್ಕೆ 10–11ಕ್ಕೆ ಇಳಿಯಿತೋ ಇಲ್ಲವೋ ಎಂದು ಕಣದಲ್ಲಿ ಬೀಜ ಕಚ್ಚಿ ನೋಡಿ ಬೆಳೆದವರು ನಾವು, ಹಲಗೆಯನ್ನು ಕಚ್ಚಲಾಗುವುದಿಲ್ಲವಲ್ಲ. ಒಂದು ತುಂಡನ್ನು ಮೆಣಸು ತೂಗುವ ತಕ್ಕಡಿಯಲ್ಲಿಟ್ಟು ಆಗಾಗ ತೂಕ ಬರೆದಿಟ್ಟೆ. ತೂಕ ಇಳಿಯುವುದು ನಿಂತರೆ ಆ ಜಾಗದ ಗಾಳಿಗೆ ಮರ ಒಗ್ಗಿದೆ ಎಂದರ್ಥ.

ಹಲಗೆಗಳು ಒಣಗುತ್ತಿರುವಾಗಲೇ ಅಪ್ಪ ಹೋದರು. ನೀನು ಬಂದಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ವರ್ಷ ಕಾಫಿ, ಮೆಣಸು ಎರಡೂ ಮುಗಿದ ಮೇಲೆ, ಏಪ್ರಿಲ್‌ನ ಒಣ ಹವೆಯಲ್ಲಿ ಕೆಲಸಕ್ಕೆ ಇಳಿದೆ. ಹಲಗೆಗಳನ್ನು 4 ಅಂಗುಲ ಅಗಲದ ಪಟ್ಟಿಗಳಾಗಿ ಕೊಯ್ದು, ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿ ಪಕ್ಕಪಕ್ಕಕ್ಕೆ ಅಂಟಿಸುವುದು ಉಪಾಯ. ಹದಿನಾಲ್ಕು ಪಟ್ಟಿ ಸೇರಿದರೆ ಎರಡಡಿ ಅಗಲ. ಹೀಗೆ ತಿರುಗಿಸಿ ನಿಲ್ಲಿಸುವುದರ ಹಿಂದೆ ಮರದ ಗುಣ ಇದೆ. ಮರ ಉದ್ದಕ್ಕೆ ಹೆಚ್ಚು ಕಮ್ಮಿ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ತಿರುಳಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡು ಪಟ್ಟು. ದಿಮ್ಮಿಯ ಪಕ್ಕದಿಂದ ಬಂದ ಹಲಗೆಯನ್ನು ಹಾಗೇ ಮಲಗಿಸಿದರೆ ಅದರ ಅಗಲವೇ ಆ ಹೆಚ್ಚು ಕುಗ್ಗುವ ದಿಕ್ಕು. ಅಂಚಿನ ಮೇಲೆ ನಿಲ್ಲಿಸಿದರೆ ಬೆಂಚಿನ ಅಗಲಕ್ಕೆ ಕಡಿಮೆ ಕುಗ್ಗುವ ದಿಕ್ಕು ಬಂದು ಕೂರುತ್ತದೆ. ಇಷ್ಟಾದರೂ ಮಾರ್ಚ್‌ನ ಬಿಸಿಲಿಗೂ ಜುಲೈನ ಥಂಡಿಗೂ ನಡುವೆ ಹಾಸು ಅಗಲದಲ್ಲಿ ಸ್ವಲ್ಪ ಉಸಿರಾಡಿಯೇ ಆಡುತ್ತದೆ. ಅದಕ್ಕೇ ಹಾಸನ್ನು ಕಾಲುಗಳಿಗೆ ಅಂಟಿಸಲಿಲ್ಲ. ಮುಂದಿನ ಎರಡು ಕಾಲಿಗೆ ಬಿಗಿಯಾಗಿ ಕೂರಿಸಿ, ಹಿಂದಿನ ಎರಡು ತೂತುಗಳನ್ನು ಅಡ್ಡಕ್ಕೆ ಸ್ವಲ್ಪ ಉದ್ದ ಬಿಟ್ಟೆ. ಹಿಗ್ಗುವುದಾದರೆ ಹಿಂದಕ್ಕೆ ಹಿಗ್ಗಲಿ.

ಅಂಟಿಸುವಾಗ ಬಿಗಿ ಹಿಡಿಯಲು ಅಷ್ಟು ಕ್ಲಾಂಪು ಎಲ್ಲಿಂದ ತರಲಿ? ಎರಡು ಗಟ್ಟಿ ತೊಲೆಗಳ ನಡುವೆ ಪಟ್ಟಿಗಳನ್ನಿಟ್ಟು ಜೋಡಿ ಬೆಣೆ ಬಡಿದೆ. ನಡುವೆ ಹಗ್ಗ ಸುತ್ತಿ ಅದರಲ್ಲಿ ಕೋಲು ತೂರಿಸಿ ತಿರುವಿದೆ. ನೀರಿಗೆ ಬಿಡದ ಮರೀನ್ ಅಂಟು ಹಾಕಿದೆ. ಎಲ್ಲ ಪಟ್ಟಿಯನ್ನೂ ಒಮ್ಮೆಲೇ ಅಂಟಿಸಲು ಹೋಗಬಾರದು, ಮೂರು ನಾಲ್ಕು ಪಟ್ಟಿಯ ಕಂತೆ ಮಾಡಿಕೊಂಡು ಆಮೇಲೆ ಕಂತೆಗಳನ್ನು ಸೇರಿಸಬೇಕು. ಎಳೆ ಎಲ್ಲದರಲ್ಲೂ ಒಂದೇ ಕಡೆಗೆ ಓಡುವ ಹಾಗೆ ಜೋಡಿಸಿಕೊಂಡರೆ ಮುಂದೆ ತೋಪಡ ಹಾಕುವಾಗ ಮರ ಕಿತ್ತು ಬರುವುದಿಲ್ಲ. ಬೇಸಗೆಯಲ್ಲಿ ತಾಳ್ಮೆ ಬೇಕಾಗುವ ಜಾಗ ಇದೊಂದೇ.

ಕಾಲುಗಳ ಕೆಲಸ ಮಳೆ ಹಿಡಿದ ಮೇಲೆ. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆ ತೆಗೆದು, ಕಾಲಿನಲ್ಲಿ ಅದಕ್ಕೆ ತೂತು ತೋಡಿ ಕೂರಿಸುವುದು. ಇಲ್ಲೊಂದು ವಿದ್ಯೆ ಇದೆ ನೋಡು. ಕಾಲಿಗೆ ಗೂಟದ ತೂತು ಕೊರೆದ ಮೇಲೆ, ಅದೇ ಗೂಟ ಹಾಯುವ ನಾಲಿಗೆಯೊಳಗಿನ ತೂತನ್ನು ಅದೇ ಗೆರೆಯಲ್ಲಿ ಕೊರೆಯಬಾರದು. ನಾಲಿಗೆಯ ಬುಡದ ಕಡೆಗೆ ಒಂದು ಮಿಲಿಮೀಟರಿನಷ್ಟು ಸರಿಸಿ ಕೊರೆಯಬೇಕು. ಒಣ ಬಿದಿರಿನ ಗೂಟ ಬಡಿದಾಗ ಅದು ಬಾಗಿಕೊಂಡು ಒಳಗೆ ಹೋಗುತ್ತ ಎರಡನ್ನೂ ಎಳೆದು ಕಚ್ಚಿಸುತ್ತದೆ. ಅಂಟೂ ಬೇಡ, ಮೊಳೆಯೂ ಬೇಡ. ಮೊದಲ ಗೂಟ ಕೂತಾಗ ಆ ಸಂದು ಮುಚ್ಚಿಕೊಂಡದ್ದನ್ನು ನೋಡಿ ನಾನು ಒಬ್ಬನೇ ಜೋರಾಗಿ ‘ಹೋಯ್’ ಎಂದೆ. ಏಳನೇ ನಂಬರ್ ರೂಮಿನ ಮಂಚವನ್ನು ಹೀಗೆ ಮಾಡಿದ್ದರೆ ವಾರ್ಡನ್ನರ ಮುಂದೆ ನಾವು ಹಾಗೆ ನಿಲ್ಲಬೇಕಾಗುತ್ತಿರಲಿಲ್ಲ.

ಹಾಸೊಂದೇ 60 ಕಿಲೋಗಿಂತ ಭಾರ. ಕೊಯ್ಲಿನ ಕಾಲವಾದರೆ ಅಸ್ಸಾಮಿನಿಂದ ಬಂದ ಕೆಲಸದವರು ಲೈನಿನಲ್ಲಿ, ಅಂದರೆ ಅವರ ಮನೆಸಾಲಿನಲ್ಲಿ, ಇರುತ್ತಾರೆ, ಕೂಗಿದರೆ ನಾಲ್ಕು ಜನ ಬರುತ್ತಾರೆ. ಜುಲೈನಲ್ಲಿ ಲೈನು ಖಾಲಿ. ಸನ್ನೆಗೋಲಿನಿಂದ ಒಂದು ತುದಿ ಎತ್ತಿ, ಅಡಿಗೆ ಮರದ ತುಂಡು ಇಟ್ಟು, ಇನ್ನೊಂದು ತುದಿಗೆ ಹೋಗಿ ಅಷ್ಟೇ ಎತ್ತಿ ಅಲ್ಲೂ ಒಂದು ತುಂಡು ಇಟ್ಟು, ಮತ್ತೆ ಈ ತುದಿಗೆ ಬಂದು – ಹೀಗೆ ಸ್ವಲ್ಪ ಸ್ವಲ್ಪವೇ ಏರಿಸಿ ಕಾಲುಗಳ ಮೇಲೆ ಇಳಿಸಿದೆ. ಮಾಡಬಹುದು. ಒಬ್ಬನೇ ಮಾಡಬಹುದಾದ ಕೆಲಸವೇ. ಆ ತುದಿಯಿಂದ ಈ ತುದಿಗೆ ನಡೆದದ್ದು ಮಾತ್ರ ನೆನಪಿದೆ.

ಆಮೇಲೆ ಬಂತು ನನಗೆ ಅತ್ಯಂತ ಇಷ್ಟವಾದ ಕೆಲಸ, ಮಟ್ಟ ಮಾಡುವುದು. ಒಂದೇ ಅಗಲದ ಎರಡು ನೇರ ಪಟ್ಟಿಗಳನ್ನು ಹಾಸಿನ ಎರಡು ತುದಿಯಲ್ಲಿ ಅಡ್ಡಕ್ಕೆ ನಿಲ್ಲಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ, ಹತ್ತಿರದ ಪಟ್ಟಿಯ ಮೇಲಂಚಿನಿಂದ ದೂರದ್ದನ್ನು ನೋಡಬೇಕು. ಎರಡು ಅಂಚೂ ಒಂದೇ ಗೆರೆಯಾಗಿ ಕಂಡರೆ ಹಾಸಿನಲ್ಲಿ ತಿರುಚು ಇಲ್ಲ. ಒಂದು ಮೂಲೆ ಎದ್ದು ಕಂಡರೆ ಅಲ್ಲಿ ಪೆನ್ಸಿಲಿನಲ್ಲಿ ಗೀಚಿ, ಆ ಗೀಚು ಹೋಗುವವರೆಗೆ ಉಜ್ಜಬೇಕು. ಮೊದಲು ಎಳೆಗೆ ಅಡ್ಡವಾಗಿ, ಆಮೇಲೆ ಓರೆಯಾಗಿ, ಕೊನೆಗೆ ಎಳೆಯ ಗುಂಟ. ತೋಪಡದ ಅಲಗನ್ನು ಸಾಣೆ ಕಲ್ಲಿನ ಮೇಲೆ 30 ಡಿಗ್ರಿಯಲ್ಲಿ ಹಿಡಿದು ಮಸೆಯುತ್ತೇನೆ, ಮುಂಗೈಯ ಕೂದಲು ಬೋಳಿಸುವಷ್ಟು. ಅಲಗು ಮೊಂಡಾದರೆ ಕೈಗೆ ಮೊದಲು ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ. ಚೂಪಾಗಿದ್ದಾಗ ಉದ್ದಕ್ಕೆ ಒಂದೇ ಉಸಿರಿನ ಸದ್ದು, ಮೊಂಡಾದರೆ ಕೆರೆಯುವ ಸದ್ದು. ಶೀಟಿನ ಮೇಲೆ ಮಳೆ ಹೊಡೆಯುತ್ತಿದ್ದರೂ ಆ ವ್ಯತ್ಯಾಸ ಕೇಳಿಸುತ್ತದೆ ಎಂದರೆ ನೀನು ನಂಬಬೇಕು.

ಪಟ್ಟಿಗಳನ್ನು ತಿರುಗಿಸಿ ನಿಲ್ಲಿಸಿದ್ದಕ್ಕೆ ನಾನು ಎಣಿಸದೇ ಇದ್ದ ಇನ್ನೊಂದು ಫಲ ಸಿಕ್ಕಿತು. ಸಿಲ್ವರಿನಲ್ಲಿ ತಿರುಳಿಂದ ತೊಗಟೆಯತ್ತ ಹೋಗುವ ಅಗಲವಾದ ಕಿರಣಗಳಿರುತ್ತವೆ. ಆ ದಿಕ್ಕಿಗೆ ಸೀಳಿದ ಮುಖದಲ್ಲಿ ಮಾತ್ರ ಅವು ಕಾಣುವುದು. ತೋಪಡ ಮೊದಲ ಸಲ ಪೂರ್ತಿ ಉದ್ದಕ್ಕೆ ಸರಿದಾಗ ಹಾಸಿನ ತುಂಬ ಮೀನಿನ ಹುರುಪೆಯಂಥ ಹೊಳಪು ಎದ್ದು ಬಂತು, ತೆಳು ಕೆಂಪು ಮರದ ಮೇಲೆ ಬೆಳ್ಳಿ. ಇಷ್ಟು ವರ್ಷ ಮೆಣಸಿನ ಬಳ್ಳಿಗೆ ಕಂಬ ಎಂದಷ್ಟೇ ನೋಡಿದ್ದ ಮರ ಅದು, ಪ್ಯಾಕಿಂಗ್ ಪೆಟ್ಟಿಗೆಗೂ ಪ್ಲೈವುಡ್ಡಿಗೂ ಲಾರಿಯಲ್ಲಿ ಹೋಗುವ ಮರ. ನಾನು ತೋಪಡ ಕೆಳಗಿಟ್ಟು ಬಹಳ ಹೊತ್ತು ಅದರ ಮೇಲೆ ಅಂಗೈ ಆಡಿಸಿದೆ. ಅಪ್ಪ ಇದನ್ನು ನೋಡಬೇಕಿತ್ತು.

ಹಿಡಿಯುವ ಸಾಧನಗಳನ್ನು ಕೊನೆಯಲ್ಲಿ ಕೂರಿಸಿದೆ. ಎಡಗಡೆ ಮುಂದೆ 9 ಅಂಗುಲದ ಕಬ್ಬಿಣದ ವೈಸ್, ತಿರುಪು ತಿರುವಿ ಹಲಗೆಯನ್ನು ಕಚ್ಚಿ ಹಿಡಿಯುವಂಥದ್ದು. ಹಾಸಿನ ಎಡತುದಿಯಲ್ಲಿ ಒಂದು ಚೌಕ ತೂತು, ಅದರಲ್ಲಿ ಬಿಗಿಯಾಗಿ ಏರಿಳಿಯುವ ಮರದ ತಡೆ. ಹಲಗೆಯ ತುದಿಯನ್ನು ಅದಕ್ಕೆ ತಾಗಿಸಿ ತೋಪಡ ತಳ್ಳಿದರೆ ಹಲಗೆ ಎಲ್ಲಿಗೂ ಹೋಗುವುದಿಲ್ಲ. ಮತ್ತೆ, ನಮ್ಮ ಕಮ್ಮಾರರ ಹತ್ತಿರ ಮುಕ್ಕಾಲು ಅಂಗುಲದ ಸರಳನ್ನು ಕಾಯಿಸಿ ಬಾಗಿಸಿ ಮಾಡಿಸಿದ ಒಂದು ಕೊಕ್ಕೆ. ಹಾಸಿನ ಮೇಲೆ ಸಾಲಾಗಿ ಕೊರೆದ ತೂತುಗಳಲ್ಲಿ ಯಾವುದಕ್ಕಾದರೂ ಇಳಿಸಿ, ಕೊಕ್ಕೆಯ ಮೂಗು ಹಲಗೆಯ ಮೇಲೆ ಕೂತಾಗ ತಲೆಗೆ ಕೊಡತಿಯಿಂದ ಒಂದು ಏಟು. ಸರಳು ತೂತಿನೊಳಗೆ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಹಲಗೆ ಅಲ್ಲಾಡುವುದಿಲ್ಲ. ಹಿಂದಿನಿಂದ ತಟ್ಟಿದರೆ ಬಿಡುತ್ತದೆ. ತಿರುಪು ಇಲ್ಲ, ಸ್ಪ್ರಿಂಗ್ ಇಲ್ಲ. 18ನೇ ಶತಮಾನದ ಫ್ರಾನ್ಸಿನಲ್ಲಿ ಆಂದ್ರೆ ಜಾಕೋಬ್ ರೂಬೋ ಎಂಬ ಬಡಗಿ (1739–1791) ತನ್ನ ಕಸುಬನ್ನು ಚಿತ್ರ ಸಮೇತ ಬರೆದಿಟ್ಟುಹೋಗಿದ್ದಾನೆ. ಅವನ ಬೆಂಚಿನ ಹಾಸು ಐದಾರು ಅಂಗುಲ ದಪ್ಪದ ಒಂದೇ ಹಲಗೆ, ಕಾಲುಗಳು ಹಾಸಿನ ಮುಂದಿನ ಅಂಚಿಗೆ ಸಮನಾಗಿ ನಿಲ್ಲುತ್ತವೆ. ಹೀಗಿದ್ದರೆ ಉದ್ದನೆಯ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಬೆಂಚಿನ ಮುಖಕ್ಕೇ ಒತ್ತಿ ಕಟ್ಟಬಹುದು. ಕಾಲುಗಳ ವಿಷಯದಲ್ಲಿ ನಾನು ಅವನನ್ನೇ ಅನುಸರಿಸಿದೆ.

ಆಯುಧಪೂಜೆಯ ದಿನ ಬೆಂಚಿಗೆ ಕುಂಬಳಕಾಯಿ ಒಡೆದು, ಸೇವಂತಿಗೆ ಇಟ್ಟು, ಆಚಾರ್ರನ್ನು ಕರೆಸಿದ್ದೆ. ನಮ್ಮ ಮನೆಯ ಬಾಗಿಲು ಕಿಟಕಿ ಎಲ್ಲ ಅವರ ಕೈಯವೇ. ಎದುರು ಗುಡ್ಡದಲ್ಲಿದ್ದವರು, 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಮೇಲೆ ಈಗ ಜಂಬೂರಿನ ಬಡಾವಣೆಯಲ್ಲಿದ್ದಾರೆ. ಜೀವಮಾನವಿಡೀ ನೆಲದ ಮೇಲೆ ಕೂತು, ಹಲಗೆಯನ್ನು ಕಾಲ್ಬೆರಳುಗಳಿಂದ ಒತ್ತಿ ಹಿಡಿದು ಬಾಚಿ, ಉಳಿ ಆಡಿಸಿದವರು. ಬೆಂಚಿನ ಸುತ್ತ ಒಂದು ಸುತ್ತು ಬಂದರು. ಬಿದಿರಿನ ಗೂಟದ ಮೇಲೆ ಉಗುರಿನಿಂದ ತಟ್ಟಿದರು, ‘ಗಟ್ಟಿ ಇದೆ’ ಎಂದರು. ಆ ಒಂದು ಮಾತಿಗೆ ನನಗೆ ಆದ ಸಂತೋಷ ನಿನಗೆ ಹೇಗೆ ಹೇಳಲಿ. ಕೊಕ್ಕೆ, ತಡೆ, ವೈಸ್ ಎಲ್ಲ ನಾನು ಆಡಿಸಿ ತೋರಿಸಿದೆ. ಅವರು ಕೇಳಿಕೊಂಡು, ತಲೆ ಆಡಿಸಿ, ‘ಹೌದೌದು, ಒಬ್ರೇ ಕೆಲ್ಸ ಮಾಡೋರಿಗೆ ಇದೆಲ್ಲ ಬೇಕು. ನಮಗೆ ಹಿಡ್ಕೊಳ್ಳೋಕೆ ಜನ ಇದ್ರಲ್ಲ’ ಎಂದರು.

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಕಾಫಿ ಕುಡಿದು, ಹೂವು ಪ್ರಸಾದ ತೆಗೆದುಕೊಂಡು ಬಸ್ಸಿಗೆ ಹೋದರು. ಆ ಮಾತು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಅವರು ಹೇಳಿದ್ದು ನಿಜ ದೊರೆ. ಹಳ್ಳ ತೋಡಿ ಅಡ್ಡಕ್ಕಿಟ್ಟ ದಿಮ್ಮಿಯನ್ನು ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು ಕೊಯ್ಯುತ್ತಿದ್ದ ಕಾಲದವರು ಅವರು. ಕೆಳಗೆ ನಿಂತಿರುತ್ತಿದ್ದುದು ಅವರ ತಮ್ಮ. ನಮ್ಮ ಪಕ್ಕದ ಐನ್‌ಮನೆಯ (ಕೊಡವರ ಕುಟುಂಬದ ಮೂಲಮನೆ) ಕಯ್ಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಅಯಿಮರ ಎಂಬ ಕೂರುವ ಹಲಗೆ ಇದೆಯಲ್ಲ, ನೀನು ಹುತ್ತರಿ ಹಬ್ಬದಲ್ಲಿ ಕೂತು ಎದ್ದೇಳಲು ಒಪ್ಪದಿದ್ದದ್ದು. ಅಷ್ಟು ಅಗಲದ ಒಂಟಿ ಹಲಗೆ ಗೋಡೆಯ ಮೇಲೆ ಏರಬೇಕಾದರೆ ಎಷ್ಟು ಹೆಗಲು ಬೇಕಾಗಿರಬೇಕು. ನನ್ನ ಬೆಂಚಿನ ಮೇಲಿರುವ ವೈಸ್, ತಡೆ, ಕೊಕ್ಕೆ ಒಂದೊಂದೂ ಪಕ್ಕದಲ್ಲಿ ಇರಬೇಕಾಗಿದ್ದ ಒಬ್ಬ ಮನುಷ್ಯನ ಜಾಗದಲ್ಲಿದೆ. ಇದನ್ನು ನಾನು ಕಟ್ಟುವಾಗ ಯೋಚಿಸಿರಲಿಲ್ಲ. ಈಗ ಗೋದಾಮಿಗೆ ಹೋದಾಗಲೆಲ್ಲ ಅದೇ ಕಾಣುತ್ತದೆ.

ಅಪ್ಪ ಇದ್ದಾಗ ತೋಟದಲ್ಲಿ ಏನು ಅಳೆದರೂ ಟೇಪಿನ ಇನ್ನೊಂದು ತುದಿ ಅವರ ಕೈಯಲ್ಲಿರುತ್ತಿತ್ತು. ‘ಹಿಡ್ದಿದೀನಿ, ಎಳಿ’ ಎನ್ನುತ್ತಿದ್ದರು. ಈಗ ಟೇಪಿನ ಕೊಂಡಿಯನ್ನು ಒಂದು ಮೊಳೆಗೆ ಸಿಕ್ಕಿಸುತ್ತೇನೆ. ಅಳತೆ ಏನೂ ತಪ್ಪುವುದಿಲ್ಲ. ಮಗಳು ಹೈಸ್ಕೂಲಿಗೆ ಸೇರಿದಾಗಿನಿಂದ ಅವಳೂ ಅವಳ ಅಮ್ಮನೂ ಮೈಸೂರಿನಲ್ಲಿದ್ದಾರೆ. ಕೊಡಗಿನ ಅರ್ಧ ತೋಟದವರ ಮನೆಯ ಕಥೆ ಇದೇ, ಹೊಸದೇನೂ ಅಲ್ಲ. ಶನಿವಾರ ನಾನು ಹೋಗುತ್ತೇನೆ ಅಥವಾ ಅವರು ಬರುತ್ತಾರೆ. ಎದುರು ಗುಡ್ಡದಲ್ಲಿ 2018ರ ನಂತರ ದೀಪ ಇಲ್ಲ. ರಾತ್ರಿ ಫೋನಿನಲ್ಲಿ ‘ಊಟ ಆಯ್ತಾ, ಏನ್ ಮಾಡ್ತಿದೀರಿ’ ಎಂದು ಹೆಂಡತಿ ಕೇಳಿದರೆ ‘ಆಯ್ತು, ಕೆಲಸ ಇತ್ತು’ ಎನ್ನುತ್ತೇನೆ. ಕೆಲಸ ಇರುವುದಿಲ್ಲ ಮಾರಾಯ. ಅಪ್ಪ ಹೋದ ಮೇಲೆ ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಮಲಗುವವರೆಗಿನ ಹೊತ್ತನ್ನು ಏನು ಮಾಡಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ಹೆದರಿ ನಾನು ಗೋದಾಮಿನ ದೀಪ ಹಾಕಿದವನು. ಕೈಗೆ ಸಿಕ್ಕಿದ್ದು ಆ ಹಲಗೆಗಳು. ಮರದ ಮೇಲೆ ಪ್ರೀತಿ ಬಂದದ್ದು ಆಮೇಲೆ.

ನೀನು ತಿಥಿ ಮುಗಿಸಿ ಹೊರಟ ಸಂಜೆ ಕಾರಿನ ಕಿಟಕಿಯ ಹತ್ತಿರ ನಾನು ಏನೋ ಹೇಳಲು ಬಂದು ಸುಮ್ಮನಾದದ್ದು ನಿನಗೆ ಗಮನಕ್ಕೆ ಬಂದಿತ್ತೋ ಏನೋ. ‘ಎರಡು ದಿನ ಇದ್ದು ಹೋಗು’ ಎನ್ನಬೇಕಿತ್ತು. ನೆಂಟರಿದ್ದರು, ನಿನಗೆ ಮಾರನೇ ದಿನ ಆಫೀಸಿತ್ತು, ಮಾತು ಬರಲಿಲ್ಲ. ನೀನು ಗೇಟು ದಾಟಿದ ಮೇಲೂ ಅಲ್ಲೇ ನಿಂತಿದ್ದೆ.

ಇನ್ನೊಂದು ವಿಷಯ. ಬೇಸಗೆಯಲ್ಲಿ ಒಬ್ಬ ಬ್ರೋಕರ್‌ಗೆ ಫೋನ್ ಮಾಡಿ ತೋಟಕ್ಕೆ ಏನು ಬೆಲೆ ಬರಬಹುದು ಎಂದು ಕೇಳಿದ್ದೆ. ಮಾರುತ್ತೇನೆ ಎಂದು ನಿರ್ಧಾರ ಮಾಡಿರಲಿಲ್ಲ, ಕೇಳಿದ್ದೆ ಅಷ್ಟೇ. ಅವನು ಆ ದಿನವೇ ಬೆಲೆ ಹೇಳಿದ, ಮಳೆಗಾಲ ಕಳೆಯಲಿ ಎಂದೆ. ಅತ್ತ ಮಾತು ಹಾಗೆ ನಿಂತಿದ್ದರೆ ಇತ್ತ ನಾನು ನೂರು ವರ್ಷ ಬಾಳುವ ಹಾಗೆ ಗೂಟ ಬಡಿಯುತ್ತಿದ್ದೆ. ಒಂದೇ ಮನುಷ್ಯ ಒಂದೇ ಕಾಲದಲ್ಲಿ ಇವೆರಡನ್ನೂ ಹೇಗೆ ಮಾಡುತ್ತಾನೆ ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ನಿನಗೆ ಗೊತ್ತಾದರೆ ಹೇಳು, ನೀನು ನನ್ನನ್ನು ನನಗಿಂತ ಮುಂಚಿನಿಂದ ಬಲ್ಲವನು.

ಇಷ್ಟನ್ನೂ ಬರೆಯಬೇಕು ಎಂದು ಕೂತಿರಲಿಲ್ಲ. ಬೆಂಚಿನ ಅಳತೆ, ಅಂಟು, ಸಾಣೆ ಇಷ್ಟೇ ಇತ್ತು ಮನಸ್ಸಿನಲ್ಲಿ. ಎಲ್ಲರ ಮುಂದೆ ಇಡುವ ಮೊದಲು ನಿನ್ನೆ ರಾತ್ರಿ ಇವಳಿಗೆ ಓದಿ ಹೇಳಿದೆ, ಬ್ರೋಕರ್ ವಿಷಯವೂ ಸೇರಿ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಮಾರಿದ್ರೆ ಬೆಂಚ್ ಏನ್ಮಾಡ್ತೀರಿ? ಇಲ್ಲಿ ಮೈಸೂರಿನ ಮೆಟ್ಟಿಲ ತಿರುವಲ್ಲಿ ಅದು ಹತ್ತಲ್ಲ’ ಎಂದಳು. ದಸರಾ ರಜೆಗೆ ಬಂದಿದ್ದಾಗ ಅವಳು ಅದನ್ನು ಅಳೆದು ನೋಡಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ನಕ್ಕೆವು. ಈ ಕೊಯ್ಲು ಮುಗಿಯುವ ತನಕ ಬ್ರೋಕರ್‌ನ ಫೋನ್ ಎತ್ತುವುದು ಬೇಡ ಎಂದೂ ಹೇಳಿದಳು. ಸರಿ ಎಂದಿದ್ದೇನೆ.

ಇರಲಿ, ಮುಂದಿನ ಕೆಲಸದ ಮಾತಿಗೆ ಬರುತ್ತೇನೆ. ಮಗಳಿಗೆ ಓದುವ ಮೇಜು ಮಾಡಬೇಕು. ಮೆಟ್ಟಿಲ ತಿರುವು ದಾಟುವಂಥದ್ದು, ಬಿಚ್ಚಿ ಜೋಡಿಸುವಂಥದ್ದು. ಅದೇ ಸಿಲ್ವರಿನ ನಡುಭಾಗದ ಎರಡು ಹಲಗೆ ಉಳಿದಿವೆ, ಐದಡಿಯವು, ಗಂಟಿಲ್ಲದವು. ಅಂಚಿಗೆ ಅಂಚು ಕೂಡಿಸುವಾಗ ದೂರದ ತುದಿಯನ್ನು ಯಾರಾದರೂ ಎತ್ತಿ ಹಿಡಿದರೆ ಬೆಳಕಿಗೆ ಸಂದು ನೋಡಲು ಸುಲಭ. ಅದಕ್ಕೂ ಒಂದು ಸ್ಟ್ಯಾಂಡು ಮಾಡಿಕೊಳ್ಳಬಹುದು. ಮಾಡಿಕೊಂಡಿಲ್ಲ.

ಹುತ್ತರಿಗೆ ಒಂದು ದಿನ ಮುಂಚೆ ಬಾ. ಐನ್‌ಮನೆಯವರು ಈಗಾಗಲೇ ಕರೆದಿದ್ದಾರೆ, ‘ಅಯಿಮರದವರೂ ಬರ್ತಾರಾ?’ ಎಂದು ನಿನ್ನನ್ನೇ ಕೇಳಿದರು. ತಂಬಿಟ್ಟು, ಹುತ್ತರಿ ಗೆಣಸು ಎರಡೂ ಇರುತ್ತದೆ, ಗೆಣಸಿಗೆ ಜೇನು ನಮ್ಮ ಮನೆಯದು. ಬೆಂಗಳೂರಿನಲ್ಲಿ ಸಿಕ್ಕಿದರೆ ಆರು ಸಾವಿರ ಗ್ರಿಟ್ಟಿನ ಸಾಣೆ ಕಲ್ಲು ಒಂದು ತೆಗೆದುಕೊಂಡು ಬಾ, ದುಡ್ಡು ಇಲ್ಲಿ ಕೊಡುತ್ತೇನೆ, ನೀನು ಬೇಡ ಎನ್ನಬಾರದು. ಆ ಹಸಿರು ಜರ್ಕಿನ್ ಹಾಕಿಕೊಂಡು ಮಾತ್ರ ಬರಬೇಡ, ನಾಯಿ ಇನ್ನೂ ಮರೆತಿಲ್ಲ. ಮಾದಾಪುರಕ್ಕೆ ಬಂದ ಕೂಡಲೇ ಫೋನ್ ಮಾಡು. ಅಲ್ಲಿಂದ ಮೇಲೆ ಸಿಗ್ನಲ್ ಸಿಗುವುದಿಲ್ಲ, ನಾನು ಜೀಪು ತೆಗೆದುಕೊಂಡು ಕೆಳಗೆ ಬರುತ್ತೇನೆ.

ನಿನ್ನ,
ಏಳನೇ ನಂಬರಿನವನು